ಲೋಕೇಶ್ವರದ ಸೂತ್ರಧಾರಿಗಳು

ಪಲ್ಲವ ನರಸಿಂಹವರ್ಮ 642ರ ಸುಮಾರಿಗೆ ಚಾಲುಕ್ಯರ ರಾಜಧಾನಿ ವಾತಾಪಿಯನ್ನು, ಅಂದರೆ ಈಗಿನ ಬಾದಾಮಿಯನ್ನು ಗೆದ್ದು, ಅಲ್ಲಿನ ಬಂಡೆಯ ಮೇಲೇ ತನ್ನ ಶಾಸನವನ್ನು ಕೆತ್ತಿಸಿದನು. ಚಾಲುಕ್ಯರು ಆ ಗಾಯವನ್ನು ಮರೆಯಲಿಲ್ಲ. 733ರಲ್ಲಿ ಪಟ್ಟವೇರಿದ ಎರಡನೆಯ ವಿಕ್ರಮಾದಿತ್ಯನು ಕಂಚಿಯ ಮೇಲೆ ದಂಡೆತ್ತಿ ಹೋಗಿ ಆ ನಗರವನ್ನು ವಶಪಡಿಸಿಕೊಂಡನು. ಆದರೆ ಊರನ್ನು ಸುಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರನ, ಅಂದರೆ ಈಗಿನ ಕೈಲಾಸನಾಥನ ಭಂಡಾರವನ್ನು ಕಣ್ಣಾರೆ ಕಂಡು, ಆ ಸಂಪತ್ತನ್ನು ದೇವರಿಗೇ ಮರಳಿಸಿದನು. ಆ ಸಂಗತಿಯನ್ನು ಸಾರುವ ಕನ್ನಡ ಶಾಸನ ಕಂಚಿಯ ಕೈಲಾಸನಾಥ ಗುಡಿಯ ಕಂಬದ ಮೇಲೆ ಈಗಲೂ ಇದೆ.

ರೋಮಿನ ವೆಸ್ಪಾಸಿಯನ್ ಚಕ್ರವರ್ತಿಯ ನಡೆ ಬೇರೆ. ಜೆರುಸಲೇಮಿನ ಕೊಳ್ಳೆಯ ಹಣವನ್ನು ಸುರಿದು, 72ರ ಹೊತ್ತಿಗೆ ಅವನು ಕೊಲೋಸಿಯಂ ಎಂಬ ಮಹಾರಂಗವನ್ನು ಕಟ್ಟಲು ತೊಡಗಿದನು. ಅವನ ಮಗ ಟೈಟಸ್ 80ರಲ್ಲಿ ಅದನ್ನು ಉದ್ಘಾಟಿಸಿದನು. ಅದರ ಶಿಲ್ಪಿ ಯಾರೆಂದು ಇಂದಿಗೂ ತಿಳಿಯದು. ಚಾಲುಕ್ಯರ ಪಟ್ಟದಕಲ್ಲಿನಲ್ಲಿ ಮಾತ್ರ ಕಟ್ಟಿದವರ ಹೆಸರು ಕಟ್ಟಡದಲ್ಲೇ ಇದೆ.

ಕಂಚಿಯ ಗೆಲುವಿನ ನೆನಪಿಗೆ ವಿಕ್ರಮಾದಿತ್ಯನ ಪಟ್ಟದರಸಿ ಲೋಕಮಹಾದೇವಿ ಅಲ್ಲಿ, ಮಲಪ್ರಭೆಯ ದಡದಲ್ಲಿ, ಲೋಕೇಶ್ವರವನ್ನು ಎತ್ತಿಸಿದಳು. ಇಂದು ಜನ ಅದನ್ನು ವಿರೂಪಾಕ್ಷ ಗುಡಿ ಎನ್ನುತ್ತಾರೆ. ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ತ್ರೈಲೋಕ್ಯೇಶ್ವರವನ್ನು, ಅಂದರೆ ಈಗಿನ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದಳು. ಇಬ್ಬರೂ ಒಬ್ಬನೇ ರಾಜನ ರಾಣಿಯರು. ಅಕ್ಕನ ಗುಡಿ ತುಸು ದೊಡ್ಡದು!

ಕಲ್ಲು ಈ ಸೀಮೆಯದೇ, ಕೆಂಪು-ಹಳದಿ ಛಾಯೆಯ ಮರಳುಗಲ್ಲು. ಕಲ್ಲುಕುಟಿಗರು ಬಂಡೆಯ ಮೇಲೆ ಗೆರೆ ಹಾಕಿ, ಉಳಿಯಿಂದ ಸಾಲಾಗಿ ಗುಳಿ ತೋಡಿ, ಬೆಣೆ ಬಡಿದು ಅದನ್ನು ಸೀಳುತ್ತಿದ್ದರು. ಸರಿಯಾಗಿ ಬಡಿದರೆ ಕಲ್ಲು ಗೆರೆಗುಂಟ ಬಿಡುತ್ತಿತ್ತು, ತಪ್ಪಿದರೆ ಅಷ್ಟು ದಿನದ ದುಡಿಮೆ ನೀರುಪಾಲು. ಗಾರೆಯ ಹಂಗಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂಡಿಸಿ ಲೋಕೇಶ್ವರದ ಗೋಡೆ ಎಬ್ಬಿಸಿದರು. ಗರ್ಭಗುಡಿಯ ಸುತ್ತ ಪ್ರದಕ್ಷಿಣಾಪಥ, ಮುಂದೆ ಕಂಬಗಳ ಸಭಾಮಂಟಪ, ಮೇಲೆ ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ಶಿಖರ, ಎದುರಿಗೆ ಬೇರೆಯೇ ಆದ ನಂದಿಮಂಟಪ. ಕಂಚಿಯ ಕೈಲಾಸನಾಥವನ್ನು ನೋಡಿ ಬಂದವರಿಗೆ ಹೋಲಿಕೆ ಹೊಳೆಯದಿರದು. ಸೋತವರಿಂದ ಕಲಿಯಲು ಗೆದ್ದವರು ನಾಚಿಕೊಳ್ಳಲಿಲ್ಲ.

ಲೋಕೇಶ್ವರದ ಪೂರ್ವದ್ವಾರದ ಶಾಸನ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನನ್ನು ಹೆಸರಿಸುತ್ತದೆ. ಅನಿವಾರಿತಾಚಾರಿ ಎಂದು ಹೆಸರಾದ ಈತನಿಗೆ ತ್ರಿಭುವನಾಚಾರಿ ಎಂಬ ಬಿರುದೂ ‘ಪೆರ್ಜೆರೆಪು’ ಎಂಬ ಗೌರವಪಟ್ಟವೂ ಸಂದವು. ಇನ್ನೊಂದು ಶಾಸನ ತೆಂಕಣ ದಿಸೆಯ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯನ್ನು ಹೊಗಳುತ್ತದೆ. ಅದರಂತೆ ಆತ ಊರು, ಅರಮನೆ ಕಟ್ಟುವುದರ ಜೊತೆಗೆ ವಾಹನ, ಆಸನ, ಹಾಸಿಗೆ, ಮಣಿಮಕುಟಗಳನ್ನೂ ಮಾಡಬಲ್ಲವನು. ಹೊಗಳಿಕೆ ಅತಿಯಾಯಿತೆಂದರೂ, ಆ ಕಾಲದ ಆಚಾರಿಯ ಕಸುಬು ಎಷ್ಟು ವಿಶಾಲವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಅತ್ತ ಪಟ್ಟದಕಲ್ಲಿನದೇ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರು ಉಳಿದಿದೆ.

ಲೋಕಮಹಾದೇವಿಯ ಗಮನ ಕಲ್ಲಿಗಷ್ಟೇ ಸೀಮಿತವಾಗಿರಲಿಲ್ಲ. ಮಾವ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು ಆಕೆ ಸ್ಥಿರಪಡಿಸಿದಳೆಂದು ಶಾಸನ ಹೇಳುತ್ತದೆ.

ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮನ ಕಾಲದ 754ರ ಸ್ತಂಭಶಾಸನ ಅಕ್ಕ-ತಂಗಿಯರ ಈ ಎರಡೂ ಗುಡಿಗಳನ್ನು ಉಲ್ಲೇಖಿಸುತ್ತದೆ. ಆ ಹೊತ್ತಿಗಾಗಲೇ ರಾಷ್ಟ್ರಕೂಟ ದಂತಿದುರ್ಗನು ಚಾಲುಕ್ಯರ ನೆಲವನ್ನು ಒಂದೊಂದಾಗಿ ಕಬಳಿಸುತ್ತಿದ್ದನು. ಅವನ ತರುವಾಯ ಬಂದ ಒಂದನೆಯ ಕೃಷ್ಣನು ಎಲ್ಲೋರದಲ್ಲಿ ಕೈಲಾಸ ಗುಡಿಯನ್ನು ಕಡೆಸಿದಾಗ, ಶಿಲ್ಪಿಗಳ ಕಣ್ಣ ಮುಂದಿದ್ದ ಮಾದರಿ ಲೋಕಮಹಾದೇವಿಯ ಗುಡಿಯೇ ಎಂಬುದು ಅನೇಕ ವಿದ್ವಾಂಸರ ಮತ.