ಪತ್ತಾಯ ಖಾಲಿಯಾದ ಮೇಲೆ

ಉಡುಪಿ, ಕಾರ್ಕಳ ಕಡೆಯ ಗುಜರಿ ಶೆಡ್ಡುಗಳಲ್ಲಿ ಹಳೆ ಮರದ ಸಾಮಾನು ಕಂಡರೆ ನಾನು ಬೆಲೆ ಕೇಳುವ ಮೊದಲು ಮನೆ ಬಿಚ್ಚಿದ್ದು ಯಾವಾಗ ಎಂದು ಕೇಳುತ್ತೇನೆ. ‘ಎಂಥ ಪ್ರಶ್ನೆ ಮಾರಾಯ್ರೆ ನಿಮ್ದು, ಮರ ನೋಡಿ’ ಎನ್ನುತ್ತಾರೆ ನಮ್ಮ ಗುಜರಿ ಸಾಯ್ಬ್ರು. ಮರವನ್ನೂ ನೋಡುತ್ತೇನೆ. ಆದರೆ ಮರ ಮುದಿಯಾಯಿತೆಂದು ಈ ಜಿಲ್ಲೆಯಲ್ಲಿ ಯಾರೂ ಮಂಚ ಮಾರಿದವರಲ್ಲ. ಮನೆಯ ಲೆಕ್ಕಪುಸ್ತಕ ತಲೆಕೆಳಗಾದಾಗ ಮಾರಿದರು.

ಲೆಕ್ಕ ಮೊದಲು ಅಲುಗಾಡಿದ್ದು ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಮನೆಗಳಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬರುವವರೆಗೆ ಕೂಡುಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ದಾರಿ ಸುಲಭವಿರಲಿಲ್ಲ. ಕಾಯ್ದೆ ಬಂದ ಮೇಲೆ ಕವರುಗಳು, ಎಂದರೆ ಒಬ್ಬೊಬ್ಬ ಹೆಣ್ಣಿನ ಸಂತತಿಯ ಕವಲುಗಳು, ತಮ್ಮ ತಮ್ಮ ಭಾಗ ಕೇಳಬಹುದಾಯಿತು. ಗದ್ದೆಗೆ ಹಗ್ಗ ಹಿಡಿದು ಅಳೆದು ಹಂಚಬಹುದು. ನಾಲ್ಕು ಜನ ಹೊರಬೇಕಾದ ಮಂಚವನ್ನು ಹಂಚುವುದು ಹೇಗೆ? ಮಾರಿ ದುಡ್ಡು ಹಂಚಿಕೊಂಡ ಮನೆಗಳುಂಟು.

ದೊಡ್ಡ ಪೆಟ್ಟು 1974ರ ಮಾರ್ಚ್ 1ರಂದು. ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣಾ ಕಾಯ್ದೆ ಆ ದಿನ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರದ ಪಾಲಾಯಿತು. ಒಕ್ಕಲಿದ್ದವರು ಫಾರಂ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಅರ್ಜಿಗೆ ಕೊನೆಯ ಗಡುವು 1979ರ ಜೂನ್ 30. ಗೇಣಿಯ ಮೇಲೆಯೇ ನಿಂತಿದ್ದ ಕರಾವಳಿಗೆ ಇದು ಎಷ್ಟು ದೊಡ್ಡ ತಿರುವು ಎಂಬುದನ್ನು ಪುಸ್ತಕಗಳು ಎಕರೆಗಳಲ್ಲಿ ಹೇಳುತ್ತವೆ. ನನಗೆ ಅದನ್ನು ತಿಳಿಸಿದ್ದು ಪತ್ತಾಯ.

ಪತ್ತಾಯವೆಂದರೆ ಭತ್ತ, ಅಕ್ಕಿ ತುಂಬಿಡುವ ಮರದ ಪೆಟ್ಟಿಗೆ. ಪೆಟ್ಟಿಗೆ ಎಂದರೆ ಕಡಿಮೆಯಾಯಿತು, ಒಳಗೆ ಆಳು ಇಳಿದು ನಿಲ್ಲಬಹುದಾದಷ್ಟು ಆಳದ್ದೂ ಇವೆ. ಮುಚ್ಚಳದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಅಕ್ಕಿಗೆ ಅದೇ ಕಾವಲು. ಹಲಸಿನ ಹಲಗೆ, ಇಲ್ಲವೇ ಕಿರಾಲ್‌ಬೋಗಿ ಮರದ್ದು. ಮೂಲೆಗಳಲ್ಲಿ ಕಬ್ಬಿಣದ ಮೊಳೆಯಿಲ್ಲ, ಹಲ್ಲು ಕಚ್ಚಿಸಿ ಮರದ ಗೂಟ ಹೊಡೆದಿರುತ್ತಾರೆ. ಗೇಣಿಯ ಅಕ್ಕಿ ಬೈಹುಲ್ಲಿನ ಮುಡಿಯಾಗಿ ಧಣಿಗಳ ಅಂಗಳಕ್ಕೆ ಬಂದು ಬೀಳುವವರೆಗೆ ಇದಕ್ಕೆ ಕೆಲಸವಿತ್ತು. ಮುಡಿ ಬರುವುದು ನಿಂತ ಮೇಲೆ ಇದು ಜಾಗ ತಿನ್ನುವ ಸಾಮಾನು. ಅದರ ಜೊತೆಗೆ, ಗೇಣಿಯ ಆದಾಯವಿಲ್ಲದೆ ಚೌಕಿಮನೆಯ ಮಾಡಿನ ಹೆಂಚು ಕೈಯಾಡಿಸುವುದೂ ದುಬಾರಿಯಾಯಿತು. ಮಕ್ಕಳು ಬೊಂಬಾಯಿ ಸೇರಿದರು, ಕೊಲ್ಲಿಗೆ ಹೋದರು, ಹಣ ಕಳಿಸಿದಾಗ ಆರ್‌ಸಿಸಿ ಮನೆ ಎದ್ದಿತು. ಹಳೆಯದು ಕಂಬ ಕಂಬವಾಗಿ ಲಾರಿ ಹತ್ತಿತು.

ನಮ್ಮಜ್ಜ ಆ ಮುಡಿ ಹೊತ್ತವರು, ತುಂಬಿಸಿಕೊಂಡವರಲ್ಲ. ಹಾಗಿದ್ದೂ ನಾನೊಂದು ಪತ್ತಾಯ ಕೊಂಡು ತಂದೆ. ಅಮ್ಮ ಜಗಲಿಯಲ್ಲಿ ನಿಂತು ನೋಡಿ, ‘ಇದರ ಹೊಟ್ಟೆ ತುಂಬಿಸಿ ತುಂಬಿಸಿ ನಿನ್ನಜ್ಜನ ಬೆನ್ನು ಬಾಗಿದ್ದು ಸಾಲದಾ? ದುಡ್ಡು ಕೊಟ್ಟು ಬೇರೆ ತಂದ್ಯಾ?’ ಎಂದರು. ಉತ್ತರ ಹೊಳೆಯಲಿಲ್ಲ. ಈಗ ಅವರೇ ಅದರಲ್ಲಿ ಮಳೆಗಾಲಕ್ಕೆ ತೆಂಗಿನಕಾಯಿ ತುಂಬಿಸುತ್ತಾರೆ.

ಅಮ್ಮನ ಮಾತು ಇನ್ನೊಂದನ್ನು ಕಾಣಿಸಿತು. ಒಕ್ಕಲಿನ ಮನೆಯ ಸಾಮಾನು ಈ ಶೆಡ್ಡುಗಳಲ್ಲಿ ಸಿಗುವುದೇ ಇಲ್ಲ. ಮುಳಿಹುಲ್ಲಿನ ಮಾಡಿನ ಕೆಳಗೆ ಇದ್ದದ್ದು ಚಾಪೆ, ಮಣೆ, ಮಣ್ಣಿನ ಮಡಕೆ. ಗೆದ್ದಲು ತಿಂದಿತು, ಒಡೆಯಿತು, ಮುಗಿಯಿತು. ಹಾಗಾಗಿ ‘ನಮ್ಮ ಪೂರ್ವಿಕರ ಬದುಕು’ ಎಂದು ಹೋಟೆಲಿನವರು ಗೋಡೆಗೆ ಒರಗಿಸಿಡುವುದೆಲ್ಲ ಯಾರದೋ ಕೆಲವರ ಪೂರ್ವಿಕರದು. ಕೊಳ್ಳಬೇಡಿ ಎನ್ನುತ್ತಿಲ್ಲ, ನಾನೇ ಕೊಂಡವನು.

ಉಳಿಸಬೇಕೆಂದೇ ಹುಡುಕಿದವರಲ್ಲಿ ಮೊದಲು ನೆನೆಯಬೇಕಾದವರು ವಿಜಯನಾಥ ಶೆಣೈ. ಬ್ಯಾಂಕ್ ನೌಕರ, ಶ್ರೀಮಂತರಲ್ಲ. ಕೆಡವುತ್ತಿದ್ದ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಯನ್ನು ತಂದು ಮಣಿಪಾಲದಲ್ಲಿ ‘ಹಸ್ತಶಿಲ್ಪ’ ಎಂಬ ಮನೆ ಕಟ್ಟಿದರು. ಆಮೇಲೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದರು. ಅಲ್ಲಿ ಕರಾವಳಿಯ ಚೌಕಿಮನೆಯೂ ಇದೆ, ಮುಧೋಳದ ದರ್ಬಾರೂ ಇದೆ, ಕುಕನೂರಿನ ಕಮಲ ಮಹಲೂ ಇದೆ. 2017ರಲ್ಲಿ ತೀರಿಕೊಂಡರು. ಬಿಡಿ ಸಾಮಾನು ಮನೆಯಿಂದ ಕಳಚಿದರೆ ಬರೀ ಅಲಂಕಾರ ಎಂಬುದು ಆ ಮನೆಗಳ ಒಳಗೆ ನಡೆದಾಗ ಗೊತ್ತಾಗುತ್ತದೆ.

ಗುಜರಿಯವರಿಗೆ ಆ ಪುರಸೊತ್ತಿಲ್ಲ. ಪತ್ತಾಯವನ್ನು ಇಡಿಯಾಗಿ ಕೇಳುವವರು ಕಡಿಮೆ. ಹಲಗೆ ಬಿಡಿಸಿ ಊಟದ ಮೇಜು ಮಾಡಿದರೆ ರೆಸಾರ್ಟಿನವರು ಎರಡು ಮಾತಿಲ್ಲದೆ ಒಯ್ಯುತ್ತಾರೆ. ಅಂಥ ಮೇಜು ಕಂಡರೆ ಬಗ್ಗಿ ಅಡಿಭಾಗ ನೋಡಿ. ಹಳೆ ಹಲಗೆಯ ಹಿಂಬದಿಯಲ್ಲಿ ಬಾಚಿಯ ಏಟುಗಳು ಅಲೆಅಲೆಯಾಗಿ ಬೆರಳಿಗೆ ತಾಗುತ್ತವೆ, ಯಂತ್ರದ ಗರಗಸದ ಗೆರೆ ಒಂದೇ ಸಮ ಇರುತ್ತದೆ. ಹೊಸ ಹಲಸು ಹಳದಿ. ಅದಕ್ಕೆ ಪಾಲಿಶ್ ಬಳಿದು ಕಂದು ಮಾಡಿದ್ದರೆ ಕಾಲಿನ ತಳದಲ್ಲಿ ಹಳದಿ ಇಣುಕುತ್ತದೆ. ಹಿತ್ತಾಳೆಯ ಬೀಗದ ಪಟ್ಟಿಯನ್ನು ಕಿತ್ತು ಬೇರೆಯೇ ಮಾರಿರುತ್ತಾರೆ, ಅದು ಕೂತಿದ್ದ ಗುಂಡಿಗೆ ಮರದ ಪುಡಿ ಮತ್ತು ಅಂಟು ಮೆತ್ತಿರುತ್ತಾರೆ. ಮೆತ್ತಿದ್ದನ್ನು ಉಗುರಿನಿಂದ ಕೆರೆದು ತೋರಿಸಿದಾಗ ಸಾಯ್ಬ್ರು ನಕ್ಕು, ಸಾವಿರ ರೂಪಾಯಿ ಇಳಿಸಿದರು. ಪಟ್ಟಿ ಬೇಕಿದ್ದರೆ ಅದೂ ಇದೆಯಂತೆ, ಎರಡು ಸಾವಿರಕ್ಕೆ.