ಮಠಗಳೂ ಅಂಗವಿಕಲರೂ : ಅನ್ನದಿಂದ ಅಂಶದ ವರೆಗೆ

ಕನ್ನಡ ನಾಡಿನ ಮಠಗಳ ಇತಿಹಾಸವನ್ನು ಬರೆದವರು ಗುರುಪರಂಪರೆಯನ್ನೂ ಅರಸರು ಬಿಟ್ಟ ದತ್ತಿಗಳನ್ನೂ ಶಾಸ್ತ್ರಾಧ್ಯಯನದ ವೈಭವವನ್ನೂ ವಿಸ್ತಾರವಾಗಿ ವರ್ಣಿಸಿರುವರು. ದಾಸೋಹದ ಪಂಕ್ತಿಯ ಕೊನೆಯಲ್ಲಿ ಕುಳಿತ ಅಂಧನೂ, ಮಹಾದ್ವಾರದ ಹೊರಗೆ ಉಳಿದ ಹೆಳವನೂ, ಪುರಾಣ ಹೇಳುವವರ ತುಟಿಗಳ ಚಲನೆಯನ್ನು ಮಾತ್ರ ಕಂಡ ಕಿವುಡನೂ ಆ ಇತಿಹಾಸದಲ್ಲಿ ಎಂಥ ಸ್ಥಾನವನ್ನು ಹೊಂದಿದ್ದರೆಂಬ ವಿಚಾರವು ಹಿಂದೆ ಬಿದ್ದಿದೆ. ಮಹೋತ್ಸವದ ಕಾಲದಲ್ಲಿ ಪೂರ್ವಸ್ಮರಣೆಯನ್ನು ಮಾಡುವಾಗ ಈ ವಿಚಾರವನ್ನು ಎತ್ತಿಕೊಳ್ಳುವದು ಅಪ್ರಸ್ತುತವಾಗಲಾರದು. ಇದಕ್ಕೆ ಬೇಕಾದ ಶಿಲಾಶಾಸನ, ಧರ್ಮಗ್ರಂಥ, ಪುಣ್ಯಪುರುಷರ ಚರಿತ್ರೆ ಇವೆಲ್ಲವೂ ಕನ್ನಡದ ನೆಲದಲ್ಲಿಯೇ ದೊರೆಯುತ್ತವೆ.

ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿರುವ ಬಳ್ಳಿಗಾವೆಯ ಕೋಡಿಯಮಠವು ಕಾಳಾಮುಖ ಶೈವಾಚಾರ್ಯರ ಪ್ರಸಿದ್ಧ ಸ್ಥಾನವಾಗಿತ್ತು. ಅಲ್ಲಿಯ 1162ನೆಯ ಇಸವಿಯ ಶಾಸನವು ಆ ಮಠವು ಏನೇನಕ್ಕೆ ನೆಲೆಯಾಗಿತ್ತೆಂಬದನ್ನು ಒಂದೊಂದಾಗಿ ಎಣಿಸುತ್ತದೆ. ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ವ್ಯಾಸಂಗವನ್ನು ಹೇಳಿದ ತರುವಾಯ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು ಮೊದಲಾದವರಿಗೆಲ್ಲ ಅದು ಅನ್ನದಾನದ ಸ್ಥಳವೆಂದೂ, ನಾನಾ ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದೂ ತಿಳಿಸುತ್ತದೆ. ಕಳಚುರಿ ಬಿಜ್ಜಳನ ಆಳಿಕೆಯ, ಅಂದರೆ ಬಸವಣ್ಣನವರು ಕಲ್ಯಾಣದಲ್ಲಿದ್ದ ಕಾಲದ ಮಾತಿದು. ಶಾಸನದ ಈ ಪಟ್ಟಿಯಲ್ಲಿ ಕುರುಡನೂ ಗಾಯಕನೂ ಹತ್ತಿರ ಹತ್ತಿರವೇ ನಿಂತಿರುವರು. ಆದರೆ ಇಬ್ಬರೂ ಬೇರೆ ಬೇರೆ. ಒಬ್ಬನು ವಿಕಲತೆಯ ಮೂಲಕವಾಗಿಯೂ ಇನ್ನೊಬ್ಬನು ವಿದ್ಯೆಯ ಮೂಲಕವಾಗಿಯೂ ಅನ್ನಕ್ಕೆ ಅರ್ಹನಾದವನು. ಈ ಅಂತರವು ತುಂಬಿ ಬರಲಿಕ್ಕೆ ಏಳುನೂರೈವತ್ತು ವರುಷಗಳು ಬೇಕಾದವು.

ಆ ಶಾಸನಕ್ಕಿಂತ ಸುಮಾರು ಅರ್ಧ ಶತಮಾನದ ಹಿಂದೆ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ಪ್ರಕರಣದಲ್ಲಿ ಸ್ಮೃತಿಯು ಕುಂಟ, ಕುರುಡ, ಬುದ್ಧಿಮಂದ, ವಾಸಿಯಾಗದ ರೋಗಿ ಮೊದಲಾದವರನ್ನು ಹೆಸರಿಸಿ, ಇವರು ಭರ್ತವ್ಯರು, ಆದರೆ ನಿರಂಶರು ಎಂದು ವಿಧಿಸಿದೆ. ಅನ್ನವಸ್ತ್ರಗಳನ್ನು ಕೊಟ್ಟು ಅವರನ್ನು ಸಾಕಲೇಬೇಕು, ಸಾಕದಿದ್ದರೆ ಪಾಪವುಂಟು. ಆದರೆ ಪಿತ್ರಾರ್ಜಿತದಲ್ಲಿ ಅವರಿಗೆ ಪಾಲಿಲ್ಲ. ವಿಜ್ಞಾನೇಶ್ವರನು ಈ ಕಟ್ಟಳೆಯನ್ನು ಸಾಧ್ಯವಾದ ಮಟ್ಟಿಗೆ ಮೆತ್ತಗೆ ಮಾಡಿದನು. ಚಿಕಿತ್ಸೆಯಿಂದ ದೋಷವು ನೀಗಿದರೆ ಪಾಲು ಕೊಡಬೇಕೆಂದು ಹೇಳಿದನು. ಅಂಥವರ ನಿರ್ದೋಷಿಗಳಾದ ಮಕ್ಕಳಿಗೆ ಪಾಲುಂಟೆಂದು ಸ್ಮೃತಿಯೇ ಹೇಳಿತ್ತು. ಆದರೂ ಮೂಲದ ಎರಡು ಶಬ್ದಗಳು ಹಾಗೆಯೇ ನಿಂತವು. ಅಂಗವಿಕಲರ ವಿಷಯದಲ್ಲಿ ಸಮಾಜವು ಬಹುಕಾಲ ನಡೆದುಕೊಂಡ ರೀತಿಯೆಲ್ಲವೂ ಈ ಎರಡು ಶಬ್ದಗಳಲ್ಲಿ ಅಡಗಿದೆಯೆನ್ನಬಹುದು. ಕೋಡಿಯಮಠದ ಔದಾರ್ಯವು ನಿಶ್ಚಯವಾಗಿಯೂ ದೊಡ್ಡದು. ಆದರೆ ಅದು ಭರ್ತವ್ಯರಿಗೆ ತೋರಿಸಿದ ಔದಾರ್ಯ.

ಇದು ಬರಿಯ ಹಳೆಯ ಗ್ರಂಥದ ಮಾತಾಗಿ ಉಳಿಯಲಿಲ್ಲ. ಇಂಗ್ಲಿಷರ ನ್ಯಾಯಾಲಯಗಳು ಮಿತಾಕ್ಷರವನ್ನೇ ಹಿಂದೂ ಕಾಯದೆಯ ಆಧಾರವಾಗಿ ಅಂಗೀಕರಿಸಿದ್ದರಿಂದ, ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರದ ಸೀಮೆಯಲ್ಲಿಯೂ ಹುಟ್ಟುಗುರುಡನಾದ ರೈತನ ಮಗನು ಅಣ್ಣತಮ್ಮಂದಿರ ಹಂಚಿಕೆಯಲ್ಲಿ ಹೊಲದ ಪಾಲನ್ನು ಕೇಳುವಂತಿರಲಿಲ್ಲ. 1928ರಲ್ಲಿ ಕೇಂದ್ರ ಶಾಸನಸಭೆಯು ಈ ಅನರ್ಹತೆಯನ್ನು ತೆಗೆದುಹಾಕುವ ಕಾಯದೆಯನ್ನು ಮಾಡಿತು. ಹುಟ್ಟಿನಿಂದಲೇ ಬುದ್ಧಿವಿಕಲರಾದವರು ಮಾತ್ರ ಆಗಲೂ ಹೊರಗೆ ಉಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ 28ನೆಯ ಕಲಮು ಯಾವ ರೋಗವೂ ಯಾವ ಅಂಗದೋಷವೂ ವಾರಸಿಗೆ ಅಡ್ಡಿಯಲ್ಲವೆಂದು ಸಾರಿದ ಮೇಲೆ ನಿರಂಶನೆಂಬ ಶಬ್ದವು ಕಾಯದೆಯಿಂದ ಹೊರಟುಹೋಯಿತು. ಆಚಾರದಿಂದ ಹೊರಟಿತೋ ಎಂಬದು ಬೇರೆ ಪ್ರಶ್ನೆ.

ಶರಣರ ಧರ್ಮದಲ್ಲಿ ಈ ಪ್ರಶ್ನೆಗೆ ಒಂದು ಗಂಭೀರವಾದ ಉತ್ತರವು ಮೊದಲೇ ಇದ್ದಿತು. ಇಷ್ಟಲಿಂಗವು ಕರಸ್ಥಲಕ್ಕೆ ಬಂದ ಮೇಲೆ ಗುಡಿಯ ಮೆಟ್ಟಿಲನ್ನು ಏರಲಾರದವನಿಗೆ ಪೂಜೆಯು ತಪ್ಪಲಿಲ್ಲ. ಗರ್ಭಗುಡಿಯ ಮೂರ್ತಿಯನ್ನು ಕಾಣಲಾರದವನ ಅಂಗೈಯಲ್ಲಿಯೇ ಲಿಂಗವು ನೆಲಸಿತು. ಜಂಗಮವೆಂಬ ಶಬ್ದಕ್ಕೆ ಚಲಿಸುವದೆಂದು ಅರ್ಥವಿದ್ದರೂ ಶರಣರು ಅದನ್ನು ಕಾಲುಗಳ ಬಲದಿಂದ ಅಳೆಯಲಿಲ್ಲ. ಆದರೆ ದೇವರು ಅಂಗೈಗೆ ಬಂದಷ್ಟು ಸುಲಭವಾಗಿ ಸಮಾಜವು ಅಂಗೈಗೆ ಬರುವದಿಲ್ಲ. ಪಂಕ್ತಿಪ್ರಸಾದ, ಅನುಭಾವಗೋಷ್ಠಿ, ಜಾತ್ರೆ, ತೇರು, ಮದುವೆ, ಪಾಠಶಾಲೆ ಇವು ಹತ್ತು ಜನರು ಕೂಡುವ ಸ್ಥಳಗಳು. ಅಲ್ಲಿ ಹೊಸ್ತಿಲುಂಟು, ಮೆಟ್ಟಿಲುಂಟು, ನೂಕುನುಗ್ಗಲುಂಟು. ಇದರ ಮೇಲೆ, ಆಗಮಗಳು ಆಚಾರ್ಯಲಕ್ಷಣವನ್ನು ಹೇಳುವಾಗ ಅಂಗಹೀನತೆಯನ್ನು ದೋಷವಾಗಿ ಎಣಿಸಿದ್ದುಂಟು.

ತ್ರಿಷಷ್ಟಿ ಪುರಾತನರಲ್ಲಿ ಒಬ್ಬನಾದ ದಂಡಿಯಡಿಗಳ ಕಥೆಯು ಇಲ್ಲಿ ನೆನಪಾಗುತ್ತದೆ. ತಮಿಳು ನಾಡಿನ ತಿರುವಾರೂರಿನ ಈ ಹುಟ್ಟುಗುರುಡ ಭಕ್ತನು ಶಿವಾಲಯದ ಕೆರೆಯು ಹೂಳು ತುಂಬಿ ಕುಗ್ಗುತ್ತಿರುವದನ್ನು ತಿಳಿದು, ಕೆರೆಯೊಳಗೊಂದು ದಂಡೆಯ ಮೇಲೊಂದು ಗೂಟವನ್ನು ನೆಟ್ಟು, ನಡುವೆ ಹಗ್ಗವನ್ನು ಬಿಗಿದು, ಆ ಹಗ್ಗವನ್ನು ತಡವಿಕೊಂಡು ಬುಟ್ಟಿ ಬುಟ್ಟಿಯಾಗಿ ಮಣ್ಣನ್ನು ಹೊತ್ತು ಹಾಕಿದನು. ವಿರೋಧಿಗಳು ಅವನ ಸನಿಕೆ ಬುಟ್ಟಿಗಳನ್ನು ಕಸಿದು ಗೂಟ ಹಗ್ಗಗಳನ್ನು ಕಿತ್ತುಹಾಕಿದರು. ಕೊನೆಗೆ ಶಿವನು ಅವನಿಗೆ ಕಣ್ಣು ಕೊಟ್ಟನೆಂದು ಪುರಾಣ. ಕೇಳುವವರು ಈ ಪವಾಡದ ಭಾಗವನ್ನೇ ನೆನಪಿಡುವರು, ಅದು ಸಹಜವೇ. ಆದರೆ ಕಥೆಯಲ್ಲಿ ಮನುಷ್ಯರ ಕೈಯಲ್ಲಿದ್ದುದು ಹಗ್ಗ ಮಾತ್ರ. ಹಗ್ಗವಿರುವ ತನಕ ಅವನ ಕಾಯಕಕ್ಕೆ ಕುರುಡುತನವು ಅಡ್ಡಿಯಾಗಲಿಲ್ಲ. ಹಗ್ಗವನ್ನು ಕಿತ್ತ ದಿನ ಅವನು ಕೈಲಾಗದವನಾದನು.

ಕನ್ನಡ ನಾಡಿನಲ್ಲಿ ಇಂಥ ಹಗ್ಗವನ್ನು ಬಿಗಿದವರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು (1867–1930). ಅವರು 1909ರಲ್ಲಿ ಬದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಬದಾಮಿಯು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ, 1997ರ ವರೆಗೆ ವಿಜಾಪುರ ಜಿಲ್ಲೆಯ ಊರೇ ಆಗಿತ್ತು. ಆದಕಾರಣ ಮುಂದಿನ ಕಥೆಯು ಈ ಸೀಮೆಯ ಕಥೆಯೂ ಹೌದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆತನವೊಂದರಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೂ ಅವನ ಅಣ್ಣ ಗುರುಬಸಯ್ಯನೂ ಅಂಧರು. ಇವರ ಕಂಠದ ಮಾಧುರ್ಯವನ್ನು ಅರಿತ ಕುಮಾರಸ್ವಾಮಿಗಳು ಇವರನ್ನು ಪ್ರಸಾದಕ್ಕೆ ಕೂಡಿಸಿ ಸುಮ್ಮನಾಗಲಿಲ್ಲ, ವಿದ್ಯೆಗೆ ಹಚ್ಚಿದರು. ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಮಿರಜಕರ ಅವರಿಂದ ಹಿಂದುಸ್ಥಾನಿ ಸಂಗೀತವನ್ನು ಕಲಿತ ಗದಿಗೆಯ್ಯನೇ ಮುಂದೆ ಶ್ರೀ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆಲ್ಲ ಪ್ರಸಿದ್ಧರಾದರು.

ಸಂಗೀತವನ್ನೇ ಆರಿಸಿದುದರಲ್ಲಿ ಕುಮಾರಸ್ವಾಮಿಗಳ ವ್ಯವಹಾರಜ್ಞಾನವು ಕಾಣುತ್ತದೆ. ಸಂಗೀತವು ಗುರುಮುಖದಿಂದ ಕಿವಿಗೆ ಬರುವ ವಿದ್ಯೆ. ಅದಕ್ಕೆ ಅಕ್ಷರದ ಹಂಗಿಲ್ಲ. ಹಾರ್ಮೋನಿಯಮ್ಮಿನ ಮನೆಗಳನ್ನು ಬೆರಳೂ, ತಬಲೆಯ ಪೆಟ್ಟನ್ನು ಅಂಗೈಯೂ ಬಲ್ಲವು. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣವುಂಟು. ಈ ಕಡೆಯ ಊರೂರಿನ ಮಠಗಳಲ್ಲಿ ಶ್ರಾವಣಮಾಸ ಬಂತೆಂದರೆ ಪುರಾಣವು ಹತ್ತುತ್ತದೆ. ಪುರಾಣಕ್ಕೆ ಹೇಳುವ ಶಾಸ್ತ್ರಿಗಳೊಡನೆ ಹಾಡುವ ಗವಾಯಿಗಳೂ ತಬಲೆಯವರೂ ಬೇಕೇ ಬೇಕು. ಅಂದರೆ ಕಲಿತ ವಿದ್ಯೆಗೆ ಗಿರಾಕಿಯು ಮೊದಲೇ ಸಿದ್ಧವಿದ್ದನು. ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕೂಡಿಕೊಂಡು ಊರಿಂದೂರಿಗೆ ಸಂಚರಿಸುವ ಪಾಠಶಾಲೆಯನ್ನು ನಡೆಸಿದರು. ಭಿಕ್ಷೆಯು ಸಾಲದಾದಾಗ ನಾಟಕದ ಕಂಪನಿಯನ್ನು ಕಟ್ಟಿ ಅದರ ಉತ್ಪನ್ನದಿಂದ ಶಿಷ್ಯರನ್ನು ಸಾಕಿದರು. ಗದುಗಿನ ಬಸರಿಗಿಡದ ವೀರಪ್ಪನವರು ಸ್ಥಳವನ್ನು ಕೊಟ್ಟದ್ದರಿಂದ ಈ ಸಂಚಾರಕ್ಕೆ ನೆಲೆಯು ಸಿಕ್ಕಿ, ವೀರೇಶ್ವರ ಪುಣ್ಯಾಶ್ರಮವೆಂಬ ಹೆಸರು ಬಂದಿತು. ಅಲ್ಲಿ ಕಣ್ಣಿದ್ದವರೂ ಇಲ್ಲದವರೂ ಒಟ್ಟಿಗೆ ಕಲಿತರೆಂಬ ಮಾತನ್ನು ವಿಶೇಷವಾಗಿ ಲಕ್ಷಿಸಬೇಕು. ಪಂಡಿತ ಬಸವರಾಜ ರಾಜಗುರುಗಳಂಥ ಸುವಿಖ್ಯಾತ ಗಾಯಕರು ಈ ಅಂಧಗುರುವಿನ ಶಿಷ್ಯರು. ಕೋಡಿಯಮಠದ ಶಾಸನದಲ್ಲಿ ಬೇರೆ ಬೇರೆಯಾಗಿ ನಿಂತಿದ್ದ ಕುರುಡನೂ ಗಾಯಕನೂ ಇಲ್ಲಿ ಒಬ್ಬನೇ ಪುರುಷನಲ್ಲಿ ಕೂಡಿದರು. ಕೂಡಿದ್ದಷ್ಟೇ ಅಲ್ಲ, ಅವನು ಅನ್ನವನ್ನು ಪಡೆಯುವ ಪಂಕ್ತಿಯಿಂದೆದ್ದು ಅನ್ನವನ್ನು ನೀಡುವವನಾದನು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆಯು ಇನ್ನೊಬ್ಬ ಅಂಧರಿಗೇ ಬಂದಿತು. ದೇವಗಿರಿಯಲ್ಲಿ 1914ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳು, 2010ರ ಸಪ್ಟಂಬರದಲ್ಲಿ ಲಿಂಗೈಕ್ಯರಾಗುವ ವರೆಗೆ, ಅರವತ್ತಾರು ವರುಷ ಆ ಪೀಠವನ್ನು ನಡೆಸಿದರು. ಹಲವು ವಾದ್ಯಗಳಲ್ಲಿ ನಿಪುಣರಾದ ಅವರು ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. 2010ರಲ್ಲಿ ಭಾರತ ಸರಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. ಅಂಗಹೀನತೆಯನ್ನು ದೋಷವೆಂದು ಎಣಿಸಿದ ಆಚಾರ್ಯಲಕ್ಷಣವನ್ನು ಓದಿದವರೇ ಅವರ ಪಾದಕ್ಕೆರಗಿದರು. ಶಾಸ್ತ್ರಾರ್ಥದಿಂದ ಇತ್ಯರ್ಥವಾಗದ ಪ್ರಶ್ನೆಯೊಂದು ಹೀಗೆ ನಡೆವಳಿಯಿಂದ ಇತ್ಯರ್ಥವಾಯಿತು.

ಇಷ್ಟಾದರೂ ಗದುಗಿನ ಮಾರ್ಗವು ಎಲ್ಲರ ಮಾರ್ಗವಲ್ಲ. ಕಂಠವಿಲ್ಲದ ಅಂಧನಿದ್ದಾನೆ; ಸಂಗೀತವೇ ಮುಟ್ಟದ ಕಿವುಡನಿದ್ದಾನೆ. ಮೈಸೂರಿನಲ್ಲಿ 1901ರಲ್ಲಿಯೇ ಎಂ. ಶ್ರೀನಿವಾಸರಾಯರು ಅಂಧರಿಗೂ ಕಿವುಡಮೂಗರಿಗೂ ಶಾಲೆಯನ್ನು ತೆರೆದಿದ್ದರು. ಇತ್ತ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ತಾಡವೋಲೆಗಳಲ್ಲಿ ಹುದುಗಿದ್ದ ವಚನಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಶರಣರ ವಾಣಿಯನ್ನು ಮನೆಮನೆಗೆ ಮುಟ್ಟಿಸಿದರು. ಆ ಉಪಕಾರಕ್ಕೆ ಬೆಲೆ ಕಟ್ಟಲಾಗದು. ಆದರೆ ಓಲೆಯಾಗಲಿ ಅಚ್ಚಾಗಲಿ ಕಣ್ಣಿನವರ ಸಾಧನಗಳು. ಭಾರತೀಯ ಭಾಷೆಗಳಿಗೆಲ್ಲ ಏಕರೂಪವಾದ ಬ್ರೈಲ್ ಲಿಪಿಯು ನಿಶ್ಚಯವಾದದ್ದು 1951ರಲ್ಲಿ. ಇನ್ನು ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ವಿಜಾಪುರದ ಜ್ಞಾನಯೋಗಾಶ್ರಮದಲ್ಲಿ ನೆಲಸಿ, 2023ರ ಜನೇವರಿ 2ರಂದು ದೇಹವಿಟ್ಟ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಗಳು ಬಯಲಿನಲ್ಲಿ ನಡೆಯುತ್ತಿದ್ದವು. ಬಯಲಿಗೆ ಹೊಸ್ತಿಲಿಲ್ಲ, ಅಂಧನೂ ಹೆಳವನೂ ಬಂದು ಕೂಡಬಹುದಾಗಿತ್ತು. ಕಿವುಡನಿಗೆ ಮಾತ್ರ ಆ ಬಯಲೂ ಮುಚ್ಚಿದ ಬಾಗಿಲೇ. ಪ್ರವಚನದ ಪಕ್ಕದಲ್ಲಿ ಕೈಸನ್ನೆಯ ಭಾಷೆಯನ್ನು ಬಲ್ಲವನೊಬ್ಬನು ನಿಲ್ಲುವ ಪದ್ಧತಿಯು ಇನ್ನೂ ಮಠಗಳಲ್ಲಿ ರೂಢವಾಗಿಲ್ಲ.

ಹೆಸರಿನ ವಿಷಯವಾಗಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಕುಂಟ, ಕುರುಡ ಎಂಬ ಶಬ್ದಗಳು ಒರಟೆಂದು ಸರಕಾರವು ವಿಕಲಚೇತನರೆಂಬ ಶಬ್ದವನ್ನು ಬಳಕೆಗೆ ತಂದಿದೆ. ಉದ್ದೇಶವು ಒಳ್ಳೆಯದು. ಆದರೆ ವ್ಯಾಕರಣವನ್ನು ಬಲ್ಲವರು ಈ ಸಮಾಸವನ್ನು ಬಿಡಿಸಿ ನೋಡಿದರೆ, ವಿಕಲವಾದ ಚೇತನವುಳ್ಳವರೆಂದು ಅರ್ಥವಾಗುತ್ತದೆ! ವಿಕಲವಾದುದು ಅಂಗವೇ ಹೊರತು ಚೇತನವಲ್ಲ. ಅಂಗವೆಂದರೇನು, ಲಿಂಗವೆಂದರೇನು ಎಂದು ಇಷ್ಟು ವಿವರವಾಗಿ ವಿಚಾರಿಸಿದ ಸಮಾಜಕ್ಕೆ ಈ ಭೇದವು ತಿಳಿಯದ್ದಲ್ಲ. ಹಳೆಯ ಅಂಗವಿಕಲ ಶಬ್ದವೇ ಹೆಚ್ಚು ನಿರ್ದುಷ್ಟವಾಗಿದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರಕ್ಕೂ ಮಿಕ್ಕಿ ಅಂಗವಿಕಲರಿದ್ದರು. ಆಗ ಎಣಿಸಿದ್ದು ಎಂಟು ಬಗೆಯ ವಿಕಲತೆಗಳನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯದೆಯು 21 ಬಗೆಗಳನ್ನು ಒಪ್ಪಿಕೊಂಡಿದೆ. ಹಿಂದಿನ 1995ರ ಕಾಯದೆಗಿಂತ ಇದು ಮುಂದೆ ಹೋಗಿ, ಸಾರ್ವಜನಿಕ ಕಟ್ಟಡಗಳೆಲ್ಲವೂ ಇವರು ತಾವಾಗಿ ಒಳಗೆ ಬರುವಂತೆ ಇರಬೇಕೆಂದು ವಿಧಿಸಿದೆ. 2024ರ ನವ್ಹಂಬರ 8ರಂದು ಸರ್ವೋಚ್ಚ ನ್ಯಾಯಾಲಯವು ಈ ಬಗೆಯ ಪ್ರಮಾಣಗಳು ಬರಿಯ ಸಲಹೆಗಳಾಗಿರಬಾರದು, ಕಡ್ಡಾಯವಾಗಿರಬೇಕೆಂದು ತೀರ್ಪನ್ನಿತ್ತಿತು. ಭರ್ತವ್ಯನನ್ನು ಭಾಗಸ್ಥನನ್ನಾಗಿ ಮಾಡುವ ಕೆಲಸವನ್ನು ಕಾಯದೆಯು ತನ್ನ ಮಟ್ಟಿಗೆ ಮುಗಿಸಿದೆಯೆನ್ನಬೇಕು. ಮಿಕ್ಕದ್ದು ಊರಿನವರ ಕೈಯಲ್ಲಿದೆ.

ವಿಜಾಪುರದ ಗೋಲಗುಮ್ಮಟವನ್ನು ದೃಷ್ಟಾಂತಕ್ಕಾಗಿ ನೋಡಬಹುದು. 1656ರಲ್ಲಿ ಮುಗಿದ ಈ ಕಟ್ಟಡವು ಅಂಧನಿಗೆ ಕಿವಿಯಿಂದಲೇ ತನ್ನನ್ನು ತೋರಿಸಿಕೊಳ್ಳುವ ಅಪೂರ್ವವಾದ ರಚನೆ. ಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ ಪಿಸುಮಾತು ಸಹ ಎದುರಿನ ಗೋಡೆಗೆ ಮುಟ್ಟಿ ತಿರುಗಿ ಬರುತ್ತದೆ. ಆದರೆ ಆ ಮೊಗಸಾಲೆಗೆ ಏರಬೇಕಾದರೆ ಏಳಂತಸ್ತಿನ ಮೂಲೆಗೋಪುರದ ಸುತ್ತುಮೆಟ್ಟಿಲುಗಳೇ ದಾರಿ. ಹೆಳವನಿಗೆ ಅದು ಎಂದೂ ಕೇಳದ ನಾದ. ಮೂರೂವರೆ ಶತಮಾನಗಳ ಹಿಂದಿನ ಗೋಪುರವನ್ನು ಒಡೆಯಲಾಗದು, ಒಡೆಯಬೇಕೆಂದು ಯಾರೂ ಹೇಳಲಾರರು. ಈಗ ಕಟ್ಟುತ್ತಿರುವ ಕಲ್ಯಾಣಮಂಟಪಗಳಿಗೂ ದಾಸೋಹಭವನಗಳಿಗೂ ಆ ನೆವವಿಲ್ಲ. ತಿಕೋಟಾ ಬಬಲೇಶ್ವರಗಳು ಇತ್ತೀಚಿನ ವರುಷಗಳಲ್ಲಿ ತಾಲೂಕಿನ ಸ್ಥಳಗಳಾದದ್ದರಿಂದ ಕಚೇರಿಯು ಹಳ್ಳಿಗರಿಗೆ ಹತ್ತಿರ ಬಂದಿದೆ. ನಡೆಯಲಾರದವನಿಗೆ ಇದು ಸಣ್ಣ ಲಾಭವಲ್ಲ. ಕಚೇರಿಯ ಬಾಗಿಲಿನ ಕೊನೆಯ ನಾಲ್ಕು ಮೆಟ್ಟಿಲುಗಳನ್ನು ಏರಲಾಗದಿದ್ದರೆ ಮಾತ್ರ ಹತ್ತಿರ ಬಂದ ಹರದಾರಿಗಳೆಲ್ಲವೂ ವ್ಯರ್ಥವಾದವು.

ಯುಗಾದಿಯ ಮುಂದೆ ಈ ಸೀಮೆಯಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆಯಾಗಿ ನಡೆಯುವರು. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಕಾಲಿದ್ದವನು ಮರಗಾಲನ್ನು ಕಟ್ಟಿಕೊಂಡರೆ ಭಕ್ತಿಯೆಂದು ಕೈಮುಗಿಯುವ ಜನರು, ಕಾಲಿಲ್ಲದವನು ಮರಗಾಲಿನಿಂದ ಬಂದರೆ ಅಯ್ಯೋ ಪಾಪವೆನ್ನುವರು. ದಾರಿಯಲ್ಲಿ ಯಾತ್ರಿಕರಿಗೆ ಅನ್ನ, ಮಜ್ಜಿಗೆ, ನೆರಳು ಇವನ್ನು ಒದಗಿಸುವ ಊರುಗಳಿಗೆ ಮೂರು ಗಾಲಿಯ ಸೈಕಲ್ಲಿನಲ್ಲಿ ಬರುವವನಿಗೆ ಸಮನಾದ ತಂಗುವ ಸ್ಥಳವನ್ನು ಒದಗಿಸುವದು ಭಾರವಾಗಲಾರದು. ಮಠಗಳಲ್ಲಿಯೂ ಕೆಲಸವು ಬಹಳವಿಲ್ಲ. ಪಂಕ್ತಿಯಲ್ಲಿ ಕಾಲು ಮಡಚಲಾರದವರಿಗೆ ಬೇರೆ ಕೋಣೆಯನ್ನಲ್ಲ, ಅದೇ ಸಾಲಿನ ತುದಿಯಲ್ಲಿ ಎತ್ತರವಾದ ಮಣೆಯನ್ನು ಹಾಕಬೇಕು. ತೇರಿನ ದಿನ ಹಗ್ಗದ ಒಂದು ಬದಿಯಲ್ಲಿ ಗಾಲಿಕುರ್ಚಿಯವರಿಗೆ ಜಾಗವನ್ನು ಬಿಟ್ಟರೆ ಅವರ ಕೈಯೂ ಹಗ್ಗವನ್ನು ಮುಟ್ಟುವದು. ಗಾಲಿಕುರ್ಚಿಯು ಏರುವ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕವಿದೆ: ಮಹಾದ್ವಾರದ ಮೂರು ಮೆಟ್ಟಿಲುಗಳು ಕೂಡಿ ಒಂದೂವರೆ ಅಡಿ ಎತ್ತರವಾದರೆ ಹದಿನೆಂಟು ಅಡಿ ಉದ್ದದ ದಾರಿ ಬೇಕು. ಅದಕ್ಕೆ ಹಾಸುವ ಶಹಾಬಾದಿ ಫರಸಿಯನ್ನು ನುಣುಪು ಮಾಡಿಸದೆ ಒರಟಾಗಿಯೇ ಬಿಟ್ಟರೆ ಮಳೆಗಾಲದಲ್ಲಿ ಊರುಗೋಲು ಜಾರುವದಿಲ್ಲ.