ಕೆಂಪು ದೀಪ

1998ರ ಒಂದು ಸೋಮವಾರ ಅತ್ತೆಯನ್ನು ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೊರಟಿದ್ದೆ. ತಾಂಡ್ಯದ ಹತ್ತಿರ ಬರುವಾಗ ಬ್ಯಾಟರಿಯ ಚಿತ್ರವಿದ್ದ ಕೆಂಪು ದೀಪ ಹತ್ತಿಕೊಂಡಿತು. "ಅದೇನೇ ಕೆಂಪಗೆ?" ಎಂದರು ಅತ್ತೆ, ಮಡಿಲಿನ ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು. ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ ಎಂದಷ್ಟು ನನಗೆ ಗೊತ್ತಿತ್ತು. ಹಿಂದಿರುಗುವಾಗ ಕತ್ತಲಾಗುತ್ತದೆ, ಹೆಡ್‌ಲೈಟ್ ಹಾಕಿದರೆ ಕಾರು ನಡುದಾರಿಯಲ್ಲೇ ನಿಲ್ಲುತ್ತದೆ.

ನನ್ನ ವಿದ್ಯೆಯೆಲ್ಲ ಅಪ್ಪನ ಹಳೆಯ ಫಿಯೆಟ್ಟಿನದು. ಅದರಲ್ಲಿದ್ದದ್ದು ಡೈನಮೊ. ಅನುಮಾನ ಬಂದರೆ ಅಪ್ಪ ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ತಂತಿ ಕಳಚುತ್ತಿದ್ದರು. ಇಂಜಿನ್ ನಿಲ್ಲದಿದ್ದರೆ ಡೈನಮೊ ಸರಿಯಿದೆಯೆಂದು ಲೆಕ್ಕ. ನಾನೂ ಸ್ಪ್ಯಾನರ್ ಹಿಡಿದು ಬಗ್ಗಿದೆ. ರಸ್ತೆಬದಿಯ ಶೆಡ್ಡಿನಿಂದ ಹುಡುಗನೊಬ್ಬ ಓಡಿಬಂದ. "ಅಕ್ಕಾ, ಕೈ ತೆಗೀರಿ! ಇದು ಆಲ್ಟರ್ನೇಟರ್. ಡಯೋಡ್ ಸುಟ್ಟೋಗ್ತದೆ!"

ಡೈನಮೊ ಕೊಡುವುದು ಬ್ಯಾಟರಿಗೆ ಒಗ್ಗುವ ಏಕಮುಖ ವಿದ್ಯುತ್ತನ್ನೇ. ಆದರೆ ಇಂಜಿನ್ ನಿಧಾನವಾದರೆ ಅದೂ ಸೊರಗುತ್ತದೆ. ಫಿಯೆಟ್ ಸಿಗ್ನಲ್ಲಿನಲ್ಲಿ ನಿಂತಾಗ ಕೆಂಪು ದೀಪ ಮಿಣುಕುತ್ತಿದ್ದುದು ಅದಕ್ಕೇ. ಆಲ್ಟರ್ನೇಟರ್ ಹುಟ್ಟಿಸುವುದು ದಿಕ್ಕು ಬದಲಿಸುವ ವಿದ್ಯುತ್ತು. ಅದೇನೂ ನಮಗೆ ಹೊಸದಲ್ಲ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಶಿವನಸಮುದ್ರಕ್ಕೆ ಹೋಗುತ್ತಾಳೆ; 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಇದೇ ಬಗೆಯ ವಿದ್ಯುತ್ತು. ಮೈಸೂರಿಗೆ ದೀಪ ಬಂದದ್ದು 1908ರಲ್ಲಿ. ಕಾರಿಗೆ ಮಾತ್ರ ಅದು ತಡವಾಗಿ ಬಂತು, ಏಕೆಂದರೆ ಬ್ಯಾಟರಿಗಾಗಿ ಅದನ್ನು ಏಕಮುಖ ಮಾಡಬಲ್ಲ ಪುಟ್ಟ, ಅಗ್ಗದ ಸಿಲಿಕಾನ್ ಡಯೋಡು ಬೇಕಿತ್ತು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲಿ ತನ್ನ ವೇಲಿಯಂಟ್ ಕಾರಿಗೆ ಅದನ್ನು ಕೂರಿಸಿತು. ಓಡುವಾಗ ಬ್ಯಾಟರಿ ಕಳಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಆ ಡಯೋಡುಗಳೇ ಸಾಯುತ್ತವೆ. ವನಸ್ಪತಿಯನ್ನೆಲ್ಲ ಡಾಲ್ಡಾ ಎನ್ನುವ ನಾವು ಆಲ್ಟರ್ನೇಟರನ್ನೂ ಡೈನಮೊ ಎಂದೇ ಕರೆದೆವು. ಹೆಸರಿನ ಜೊತೆ ಹಳೆಯ ಪರೀಕ್ಷೆಯೂ ಉಳಿದುಕೊಂಡಿತು.

ಹುಡುಗ ಮೀಟರ್ ಹಿಡಿದ. ಇಂಜಿನ್ ನಿಂತಾಗ 12.3 ವೋಲ್ಟ್, ಓಡುವಾಗಲೂ ಅಷ್ಟೇ. ಓಡುವಾಗ 14ರ ಆಸುಪಾಸು ಇರಬೇಕಂತೆ. ಬೆಲ್ಟ್ ಬಿಗಿಯಾಗಿತ್ತು, ತಂತಿಗಳೂ ನೆಟ್ಟಗಿದ್ದವು. ಇಂಜಿನ್ ನಿಲ್ಲಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಬೆಲ್ಟ್ ಸಡಿಲಿಸಿ, ಬೇರೊಂದು ಆಲ್ಟರ್ನೇಟರ್ ಕೂರಿಸಿದ. ಅತ್ತೆ ಬುಟ್ಟಿಯಿಂದ ಅವನಿಗೊಂದು ಬಾಳೆಹಣ್ಣು ಕೊಟ್ಟರು, ದೇವರಿಗಿಂತ ಮೊದಲು. ಮೀಟರ್ 14.1 ತೋರಿಸಿತು.

ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆ ಮೀಟರ್ ಎಷ್ಟಕ್ಕೆ ಸಿಗುತ್ತಂತೆ?" ಎಂದರು.